ಕಾಲು ಕೆಸರಲ್ಲಿ, ಗಂಟಲು ಒಣ: ರಾಯಚೂರಿನ ಒಂದು ಕಕ್ಕೆ ಗಿಡದ ಬೇಸಿಗೆ

ಮೇಷ್ಟ್ರು ಫೋನ್ ಮಾಡಿದಾಗ ಮೊದಲು ಗಿಡದ ಸುದ್ದಿ ಎತ್ತಲಿಲ್ಲ. "ನಮ್ಮವ್ವ ಎರಡು ದಿನದಿಂದ ಸರಿಯಾಗಿ ಉಂಡಿಲ್ರೀ" ಅಂದರು. ಆಮೇಲೆ ಕಾರಣ ಹೊರಬಂತು. ಗೃಹಪ್ರವೇಶದ ದಿನ ಮನೆ ಮುಂದೆ ನೆಟ್ಟ ಕಕ್ಕೆ ಗಿಡ ಒಣಗುತ್ತಿದೆ. ಹೊಸ ಮನೆಯ ಮೊದಲ ಗಿಡ ಒಣಗಿದರೆ ಒಳ್ಳೆಯದಲ್ಲ ಅಂತ ಓಣಿಯಲ್ಲಿ ಯಾರೋ ಬಾಯಿ ಬಿಟ್ಟಿದ್ದಾರೆ. ಅವತ್ತಿನಿಂದ ಆ ತಾಯಿ ದಿನಕ್ಕೆರಡು ಸಲ ಪೈಪ್ ಹಿಡಿದು ನಿಲ್ಲುತ್ತಾರೆ. ನೀರು ಹೆಚ್ಚಾದಷ್ಟೂ ಎಲೆ ಕಡಿಮೆಯಾಗುತ್ತಿವೆ.

ನಾನು ರಾಯಚೂರಿನಲ್ಲಿ 16 ವರ್ಷ ಸಸಿ ಮಾರಿದವನು. ಈಗ ಅಂಗಡಿ ಇಲ್ಲ, ಆದರೂ ಇಂಥ ಫೋನು ನಿಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬರುವ ಹತ್ತು ಫೋನಿನಲ್ಲಿ ಏಳೆಂಟು ಒಂದೇ ಧಾಟಿಯವು: "ನೀರು ಹಾಕೀವಿ, ಗೊಬ್ಬರ ಹಾಕೀವಿ, ಆದ್ರೂ ಒಣಗಾಕತ್ತೈತಿ." ಈ ಮನೆಯ ಗಿಡವನ್ನು ಉದ್ದಕ್ಕೂ ಬರೆದಿಡಲು ಕಾರಣವಿದೆ. ಇಲ್ಲಿ ಎಲ್ಲರೂ ಮಾಡುವ ತಪ್ಪುಗಳೆಲ್ಲ ಒಂದೇ ಗುಂಡಿಯಲ್ಲಿ ಸಿಕ್ಕವು, ಗಿಡವೂ ಅದೃಷ್ಟಕ್ಕೆ ಸಾಯದೆ ಉಳಿದು ಒಂದೊಂದನ್ನೇ ತೋರಿಸಿಕೊಟ್ಟಿತು.

ನಮ್ಮ ಊರಿನ ಬಿಸಿಲಿನ ಬಗ್ಗೆ ಹೊರಗಿನವರಿಗೆ ಒಂದು ಮಾತು. ಜಿಲ್ಲೆಯ ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ನಕ್ಷೆ ನೋಡಿದವರು ತಂಪು ನಾಡು ಅಂದುಕೊಂಡಾರು. ನಡುವಿನ ನಮ್ಮ ಪಟ್ಟಣಕ್ಕೆ ಮಾತ್ರ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಾವೇ ನಗುತ್ತೇವೆ. ರಾಯಚೂರು 16 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿದೆ. ಹಾಗಾಗಿ ಮೇ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ನಾನು ಆ ಮನೆಗೆ ಹೋದದ್ದು ಮೇ 10ರಂದು, ಅದೇ ಬಿಸಿಲಿನಲ್ಲಿ.

ಗಿಡ ಬಂದ ದಾರಿ

ಮೇಷ್ಟ್ರ ಹೆಂಡತಿಗೆ ಕಕ್ಕೆಯೇ ಬೇಕಿತ್ತು. ಏಪ್ರಿಲ್‌ನಲ್ಲಿ ಬೇರೆಲ್ಲ ಸೊರಗಿ ನಿಂತಾಗ ಚಿನ್ನದ ಗೊಂಚಲು ಇಳಿಬಿಡುವ ಮರ, ಆಸೆ ತಪ್ಪಲ್ಲ. ಕಕ್ಕೆ ನಮ್ಮ ನೆಲದ್ದೇ. ಗುಲ್‌ಮೊಹರ್‌ನ ಹಾಗೆ ಮಡಗಾಸ್ಕರ್‌ನಿಂದ ಬಂದದ್ದಲ್ಲ, ಗಾಳಿಗೆ ಅದರಷ್ಟು ಸುಲಭವಾಗಿ ಕೊಂಬೆ ಮುರಿದುಕೊಳ್ಳುವುದೂ ಇಲ್ಲ. ಒಮ್ಮೆ ಬೇರೂರಿದರೆ ಬರಗಾಲಕ್ಕೆ ಜಗ್ಗದ ಜಾತಿ. ಆಯ್ಕೆಯ ಬಗ್ಗೆ ನನಗೆ ತಕರಾರಿರಲಿಲ್ಲ.

ತಕರಾರಿದ್ದದ್ದು ಗಾತ್ರದ ಬಗ್ಗೆ. ಗೃಹಪ್ರವೇಶಕ್ಕೆ ಬಂದವರ ಕಣ್ಣಿಗೆ ಕಾಣಬೇಕು ಅಂತ ಏಳು ಅಡಿಯ ಗಿಡ ತಂದಿದ್ದರು. 1,400 ರೂಪಾಯಿ. ಏಳು ಅಡಿಯ ಕಾಂಡಕ್ಕೆ ಒಂದಡಿ ಅಗಲದ ಕಪ್ಪು ಚೀಲ. ನೆರಳು ಪರದೆಯ ಕೆಳಗೆ ಬೆಳೆದು, ಟಾಟಾ ಏಸ್‌ನ ಹಿಂದೆ ಬಟ್ಟೆ ಕೂಡ ಹೊದಿಸದೆ ಮಟಮಟ ಮಧ್ಯಾಹ್ನ ಬಂದ ಗಿಡ. ಗಂಟೆಗೆ ಐವತ್ತು ಕಿಲೋಮೀಟರ್ ವೇಗದ ಬಿಸಿ ಗಾಳಿ ಎಲೆಯ ನೀರನ್ನೆಲ್ಲ ದಾರಿಯಲ್ಲೇ ಹೀರಿಕೊಂಡಿರುತ್ತದೆ.

ನೆಟ್ಟದ್ದು ಏಪ್ರಿಲ್ ಮೂರನೇ ವಾರ, ಬೆಳಗ್ಗೆ 11ಕ್ಕೆ, ಮುಹೂರ್ತ ನೋಡಿ. ಮುಹೂರ್ತ ಮನೆಗೆ ಒಳ್ಳೆಯದಿತ್ತು, ಗಿಡಕ್ಕಲ್ಲ.

ಗುಂಡಿ ಎರಡೂವರೆ ಅಡಿ ಆಳ, ಎರಡಡಿ ಅಗಲ. ಆ ಬಡಾವಣೆ ಮೊದಲು ಎರೆಹೊಲ, ಅಂದರೆ ಕಪ್ಪು ಜಿಗುಟು ಮಣ್ಣಿನ ಹೊಲ. ನಿವೇಶನ ಎತ್ತರಿಸಲು ಮೇಲೆ ಒಂದೂವರೆ ಅಡಿ ಮೊರಂ ಅನ್ನುವ ಸಡಿಲ ಜಲ್ಲಿಮಣ್ಣು ಹಾಕಿದ್ದಾರೆ, ಕೆಳಗೆ ಅಪ್ಪಟ ಎರೆಮಣ್ಣು. ಗುಂಡಿಗೆ ಒಂದು ಬುಟ್ಟಿ ಹಸಿ ಸಗಣಿ ಗೊಬ್ಬರ, ಎರಡು ಹಿಡಿ ಡಿಎಪಿ ರಾಸಾಯನಿಕ ಗೊಬ್ಬರ, ಅದರ ಮೇಲೆ ಗಿಡ, ಸುತ್ತ ಮೊರಂ ಮತ್ತು ಮನೆ ಕಟ್ಟಿ ಉಳಿದ ಗರಸು. ಸುತ್ತಲೂ ಕಾಂಡದ ಹತ್ತಿರದವರೆಗೆ ಶಹಾಬಾದಿ ಪರಸಿ, ಅಂದರೆ ಹಾಸುಗಲ್ಲು. ನೋಡಲು ಚಂದ. ಮಧ್ಯಾಹ್ನ ಎರಡಕ್ಕೆ ಆ ಪರಸಿಯ ಮೇಲೆ ಬರಿಗಾಲಿಟ್ಟರೆ ಚರ್ಮ ಸುಡುತ್ತದೆ.

ನೋಡಿದ್ದು, ಮುಟ್ಟಿದ್ದು, ಮೂಸಿದ್ದು

ಮೊದಲು ಒಂದು ಅನುಮಾನ ಬಗೆಹರಿಸಬೇಕಿತ್ತು. ಕಕ್ಕೆ ಬೇಸಿಗೆಯಲ್ಲಿ ತಾನಾಗಿಯೇ ಎಲೆ ಉದುರಿಸುವ ಮರ. ಬೋಳಾಗಿ ನಿಂತು ಆಮೇಲೆ ಹೂ ಬಿಡುತ್ತದೆ. ಎಷ್ಟೋ ಮನೆಯವರು ಬೋಳು ಕಕ್ಕೆಯನ್ನು ಸತ್ತಿದೆ ಎಂದು ಕಿತ್ತು ಬಿಸಾಕಿದ್ದನ್ನು ನೋಡಿದ್ದೇನೆ. ಇದೂ ಹಾಗೇ ಇದ್ದೀತೇ? ಕೆಳಗೆ ಬಿದ್ದ ಎಲೆ ಎತ್ತಿಕೊಂಡೆ. ತಾನಾಗಿ ಉದುರುವ ಎಲೆ ಮೊದಲು ಇಡಿಯಾಗಿ ಹಳದಿಯಾಗುತ್ತದೆ, ಮೆತ್ತಗಿರುತ್ತದೆ. ಇಲ್ಲಿನ ಎಲೆಗಳ ನಡುಭಾಗ ಇನ್ನೂ ಹಸಿರು, ಅಂಚು ಮಾತ್ರ ಸುಟ್ಟ ಹಪ್ಪಳದಂತೆ ಕಂದು. ಹಿಸುಕಿದರೆ ಪುಡಿಪುಡಿ. ಇದು ಋತುವಿನ ಎಲೆಯುದುರು ಅಲ್ಲ, ನೀರು ಸಿಗದೆ ಮತ್ತು ಉಪ್ಪು ಏರಿ ಸುಟ್ಟ ಎಲೆ.

ಆಮೇಲೆ ಉಗುರು. ತುದಿಯಿಂದ ಶುರು ಮಾಡಿ ಅರ್ಧ ಅಡಿಗೊಂದರಂತೆ ತೊಗಟೆಯನ್ನು ಕಡ್ಲೆಕಾಳಿನಷ್ಟು ಕೆರೆದೆ. ಮೇಲಿನ ಅರ್ಧ ಅಡಿ ಒಳಗೂ ಕಂದು, ಒಣ. ಅದರ ಕೆಳಗೆ ಮಬ್ಬು ಹಸಿರು. ಮೊಣಕಾಲೆತ್ತರಕ್ಕೆ ಬಂದರೆ ತೇವದ ಕಡು ಹಸಿರು. ಹಸಿರು ಮುಗಿದು ಕಂದು ಶುರುವಾಗುವಲ್ಲಿ, ಆರೂವರೆ ಅಡಿ ಎತ್ತರದಲ್ಲಿ, ಕೆಂಪು ದಾರ ಕಟ್ಟಿದೆ. "ಇದ್ಯಾಕೆ?" ಅಂದರು ಅವ್ವ. "ಸಾವು ಎಲ್ಲಿತನಕ ಇಳಿದೈತಿ ಅಂತ ಗುರುತು" ಅಂದುಬಿಟ್ಟೆ. ಅನ್ನಬಾರದಿತ್ತು. ಅವರ ಮುಖ ಇನ್ನಷ್ಟು ಸಣ್ಣದಾಯಿತು.

ಕಾಂಡದ ಪಡುವಣ ಮಗ್ಗುಲಲ್ಲಿ ಅಂಗೈಯಗಲ ತೊಗಟೆ ಬಣ್ಣಗೆಟ್ಟು ಬಿರಿದಿತ್ತು, ಬಿಸಿಲಿನ ಸುಟ್ಟಗಾಯ. ಎದುರಿಗೆ ಬಿಳಿ ಬಣ್ಣದ ಕಾಂಪೌಂಡ್ ಗೋಡೆ, ಕೆಳಗೆ ಪರಸಿ, ಎರಡರ ಝಳವೂ ಅದೇ ಮಗ್ಗುಲಿಗೆ.

ನಿಜವಾದ ಸಂಗತಿ ಮಾತ್ರ ಮಣ್ಣಿನಲ್ಲಿತ್ತು. ತೆಳ್ಳನೆಯ ಕಬ್ಬಿಣದ ಸಲಾಕೆಯನ್ನು ಕಾಂಡದಿಂದ ಒಂದು ಗೇಣು ದೂರ, ಚೀಲದಿಂದ ಬೇರಿನ ಜೊತೆ ಬಂದ ಮಣ್ಣಿನ ಹೆಂಟೆಯ ಹೊರಗೆ ಊರಿದೆ. ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಎಳೆದಾಗ ತುದಿಯಲ್ಲಿ ಕಪ್ಪು ಕೆಸರು, ಕೊಳೆತ ಮೊಟ್ಟೆಯ ನಾತ. ಈಗ ಕಾಂಡಕ್ಕೆ ನಾಲ್ಕು ಬೆರಳು ದೂರದಲ್ಲಿ, ಆ ಹೆಂಟೆಯೊಳಗೇ ಊರಿದೆ. ಎರಡು ಇಂಚು ಹೋಗಿ ಕಲ್ಲಿಗೆ ತಾಗಿದಂತೆ ನಿಂತಿತು. ಒತ್ತಿ ಒತ್ತಿ ಇಳಿಸಿ ತೆಗೆದರೆ ತುದಿಯಲ್ಲಿ ಒಣ ಧೂಳು.

ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. ಮೂರು ವಾರ ದಿನಕ್ಕೆರಡು ಹೊತ್ತು ನೀರುಂಡ ಗಿಡದ ಬೇರಿನ ನಡುವೆ ಧೂಳು ಹೇಗೆ?

ಹೀಗೆ. ನರ್ಸರಿಯಲ್ಲಿ ಚೀಲಕ್ಕೆ ಜಿಗುಟು ಮಣ್ಣು ಅಮುಕಿ ತುಂಬಿರುತ್ತಾರೆ, ಸಾಗಿಸುವಾಗ ಹೆಂಟೆ ಒಡೆಯಬಾರದಲ್ಲ. ಅಂಥ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಇಟ್ಟಿಗೆಯಂತೆ ಗಟ್ಟಿಯಾಗಿ ಕುಗ್ಗುತ್ತದೆ, ಮೇಲೆ ಬಿದ್ದ ನೀರನ್ನು ಬೇಗ ಕುಡಿಯುವುದಿಲ್ಲ. ಸುತ್ತಲೂ ತುಂಬಿದ್ದು ಸಡಿಲ ಮೊರಂ. ನೀರು ಯಾವತ್ತೂ ಸಲೀಸಾದ ದಾರಿ ಹಿಡಿಯುತ್ತದೆ. ಪೈಪಿನಿಂದ ಬಿದ್ದದ್ದು ಹೆಂಟೆಯ ಮೈಸವರಿ, ಮೊರಂ ಸಂದಿಯಲ್ಲಿ ಗುಳುಂ ಅಂತ ಗುಂಡಿಯ ತಳಕ್ಕೆ ಹೋಗಿದೆ. ತಳದಲ್ಲಿ ಎರೆಮಣ್ಣು. ಅದು ನೀರು ಕುಡಿದು ಉಬ್ಬಿ ಬಾಯಿ ಮುಚ್ಚಿಕೊಂಡರೆ ಹನಿ ಕೂಡ ಕೆಳಗೆ ಬಿಡುವುದಿಲ್ಲ. ಗುಂಡಿ ಎಂಬುದು ತೂತಿಲ್ಲದ ಹಂಡೆ. ಆ ಹಂಡೆಯಲ್ಲಿ ಹಸಿ ಸಗಣಿ, ಡಿಎಪಿ, ಮೂರು ವಾರದ ನೀರು. ಗಾಳಿಯಾಡದೆ ಎಲ್ಲ ಕೊಳೆತಿವೆ.

ಗಿಡದ ಕಾಲು ಕೆಸರಿನಲ್ಲಿ ಕೊಳೆಯುತ್ತಿತ್ತು, ಗಂಟಲು ಒಣಗಿತ್ತು. ಎರಡೂ ಒಂದೇ ಹೊತ್ತಿಗೆ. ಎಲೆ ಬಾಡಿದ್ದು ನೋಡಿ ಅವ್ವ ಇನ್ನೊಂದು ಬಕೆಟ್ ಸುರಿದರೆ ಅದೂ ಕೆಸರಿಗೇ ಸೇರುತ್ತಿತ್ತು.

ಸಡಿಲ ಮಣ್ಣು ತಳದಲ್ಲಿ ಕುಸಿದು ಗಿಡವೂ ಕೆಳಗಿಳಿದಿತ್ತು. ಬೇರೂ ಕಾಂಡವೂ ಕೂಡುವ ಜಾಗ, ನೆಲದ ಮೇಲೆ ಕಾಣಬೇಕಾದ್ದು, ನಾಲ್ಕು ಇಂಚು ಒಳಗೆ ಹೂತಿತ್ತು.

ನೀರಿನ ಕಥೆ ಬೇರೆಯೇ

ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದ್ದು ಕಂಡು ನೀರು ಎಲ್ಲಿಯದು ಅಂತ ಕೇಳಿದೆ. ಮೂರು ಮೂಲ ಹೊರಬಂದವು. ಬೆಳಗ್ಗೆ ಬೋರ್‌ವೆಲ್ ಪೈಪು, ಸಂಜೆ ಮಹಡಿಯ ಕಪ್ಪು ಟ್ಯಾಂಕಿನ ನೀರು, ನಡುವೆ ಅಡುಗೆಮನೆಯ ಫಿಲ್ಟರ್ ಬಿಡುವ ನೀರು. "ಸುಮ್ಮನ ಹರದು ಹೋಗ್ತದಲ್ಲ, ಗಿಡಕ್ಕರ ಆಗಲಿ ಅಂತ" ಅಂದರು ಅವ್ವ.

ನೀರಿನಲ್ಲಿ ಕರಗಿದ ಲವಣ ಅಳೆಯಲು ಫಿಲ್ಟರ್ ರಿಪೇರಿಯವರು ಇಟ್ಟುಕೊಳ್ಳುವ ಪೆನ್ನಿನಂಥ ಮಾಪಕ ನನ್ನಲ್ಲೂ ಒಂದಿದೆ. ಬೋರ್ ನೀರು ಸುಮಾರು 1,900 ತೋರಿಸಿತು. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 2,000ದವರೆಗೆ ಆದೀತು ಅನ್ನುವುದು ಭಾರತೀಯ ಮಾನಕ. ಫಿಲ್ಟರ್ ಹೊರಗೆಸೆಯುವ ನೀರು 2,700. ಅದು ಸಹಜವೇ. ಆರ್‌ಒ ಯಂತ್ರ ಸಿಹಿನೀರು ನಮಗೆ ಕೊಟ್ಟು ಉಪ್ಪನ್ನೆಲ್ಲ ಉಳಿದ ನೀರಿಗೆ ತುಂಬಿ ಬಿಡುತ್ತದೆ. ನೆಲ ಒರೆಸಲು ಒಳ್ಳೆಯದು, ಎಳೆಗಿಡಕ್ಕೆ ವಿಷ. ಕೂಲರ್‌ನ ತಳದಲ್ಲಿ ಉಳಿದ ನೀರೂ ಅಷ್ಟೇ. ನೀರು ಆವಿಯಾಗಿ ಉಪ್ಪು ಮಾತ್ರ ಅದರಲ್ಲಿ ಗಟ್ಟಿಯಾಗಿರುತ್ತದೆ. ಎಸಿ ಸೋರುವ ನೀರು ಶುದ್ಧ, ಆದರೆ ಕರಾವಳಿಯಲ್ಲಿ ಬಕೆಟ್ ತುಂಬುವ ಎಸಿ ನಮ್ಮ ಒಣಗಾಳಿಯಲ್ಲಿ ಒಂದು ಚೊಂಬು ಕೊಟ್ಟರೆ ಹೆಚ್ಚು. ನಳದ ಹೊಳೆನೀರು 300ರ ಆಸುಪಾಸಿತ್ತು. ಗಿಡಕ್ಕೆ ಬೇಕಾದ ನೀರು ಅದೇ. ನಳ ಬಂದ ದಿನ ಒಂದು ಡ್ರಮ್ ತುಂಬಿ ನೆರಳಿಗಿಡಿ ಅಂದೆ.

ಸಂಜೆ ಐದಕ್ಕೆ ಟ್ಯಾಂಕಿನ ಪೈಪ್ ಬಿಚ್ಚಿ ಕೈಯೊಡ್ಡಿದೆ. ಸ್ನಾನಕ್ಕೆ ತಣ್ಣೀರು ಬೆರೆಸಬೇಕಾದಷ್ಟು ಬಿಸಿ. ಮಟಮಟ ಮಧ್ಯಾಹ್ನ ನೀರು ಹನಿಸಿದರೆ ಎಲೆಯ ಮೇಲಿನ ಹನಿಗಳು ಭೂತಗನ್ನಡಿಯಂತೆ ಸುಡುತ್ತವೆ ಅಂತ ಹೇಳುವವರಿದ್ದಾರೆ. ನುಣುಪು ಎಲೆಗೆ ಹಾಗಾಗುವುದಿಲ್ಲ. ಸುಡುವುದು ಪೈಪಿನಲ್ಲಿ, ಟ್ಯಾಂಕಿನಲ್ಲಿ ಕಾದ ನೀರು. ಅದು ಬೇರಿಗೇ ನೇರ ಬೀಳುತ್ತದೆ.

ಕೀಳಬೇಕೇ, ಬಿಡಬೇಕೇ

43 ಡಿಗ್ರಿಯಲ್ಲಿ ಗಿಡ ಕೀಳು ಅಂತ ಯಾವ ಮಾಲಿಯೂ ಹೇಳುವುದಿಲ್ಲ. ನಾನೂ ಬೇರೆ ಕಡೆ ಹೇಳಿಲ್ಲ. ಬಿಟ್ಟರೆ ಏನು ಅಂತ ಆ ರಾತ್ರಿ ಲೆಕ್ಕ ಹಾಕಿದೆ. ನೀರು ನಿಲ್ಲಿಸಿದರೆ ಕೆಸರು ಆರಬಹುದು, ಆದರೆ ಹೆಂಟೆ ಇನ್ನೂ ಒಣಗುತ್ತದೆ. ಹೆಂಟೆಗೆ ನೀರು ಕೊಟ್ಟರೆ ಹೆಚ್ಚಾದದ್ದು ಮತ್ತೆ ಕೆಸರಿಗೆ. ಕಾಂಡದ ಕೊರಳು ಹೂತೇ ಇರುತ್ತದೆ, ಮಳೆ ಬಂದರೆ ಗುಂಡಿ ಕೆರೆ. ಇನ್ನೊಂದು ಕಡೆ, ನೆಟ್ಟು ಮೂರೇ ವಾರ. ಹೊಸ ಬೇರು ಹೆಂಟೆ ದಾಟಿ ಹೊರಗೆ ಬಂದಿರಲು ಸಾಧ್ಯವಿಲ್ಲ. ಅಂದರೆ ಎತ್ತಿದರೆ ಕಳೆದುಕೊಳ್ಳುವ ಬೇರು ಬಹಳವಿಲ್ಲ. ಒಂದು ವರ್ಷದ ಮೇಲಾಗಿದ್ದರೆ ಈ ಲೆಕ್ಕ ತಿರುಗಾಮುರುಗಾ ಆಗುತ್ತಿತ್ತು.

ಬದುಕಿದರೆ ಬದುಕಿತು ಅಂತ ಮೇಷ್ಟ್ರಿಗೆ ಮೊದಲೇ ಹೇಳಿ, ಮೇ 11ರ ಸಂಜೆ ಆರೂವರೆಗೆ ಎತ್ತಿದೆವು. ಇಬ್ಬರು ಹುಡುಗರು ಬೇಕಾದರು. ಒಂದಡಿ ಅಗಲ, 14 ಇಂಚು ಎತ್ತರದ ಹೆಂಟೆ ಅಂದರೆ 26 ಲೀಟರ್ ಮಣ್ಣು, ಮೂವತ್ತೈದು ನಲವತ್ತು ಕಿಲೋ ತೂಕ. ಕಾಂಡ ಹಿಡಿದು ಎಳೆಯದೆ ಹೆಂಟೆಯ ಕೆಳಗೆ ಗೋಣಿಚೀಲ ತೂರಿಸಿ ನಾಲ್ಕೂ ಮೂಲೆ ಹಿಡಿದು ಎತ್ತಿದೆವು. ತಳದ ಬೇರುಗಳು ಕಪ್ಪಾಗಿ, ಎಳೆದರೆ ಸಿಪ್ಪೆ ಜಾರಿ ನಾರು ಕೈಗೆ ಬರುತ್ತಿದ್ದವು. ಅವನ್ನು ಕತ್ತರಿಸಿದೆ. ಚೀಲದ ಆಕಾರಕ್ಕೆ ಚಕ್ಕುಲಿಯಂತೆ ಸುತ್ತಿಕೊಂಡ ಬೇರುಗಳೂ ಇದ್ದವು. ಮಳೆಗಾಲವಾಗಿದ್ದರೆ ನಾಲ್ಕೂ ಕಡೆ ಸೀಳಿ ಬಿಡಿಸುತ್ತಿದ್ದೆ. ಈ ಸ್ಥಿತಿಯಲ್ಲಿ ಕಾಂಡದ ಬುಡವನ್ನೇ ಬಿಗಿಯುವಂತಿದ್ದ ಎರಡನ್ನು ಮಾತ್ರ ಕಡಿದು ಉಳಿದವನ್ನು ಬೆರಳಿನಿಂದ ಹೊರಕ್ಕೆ ಬಿಡಿಸಿದೆ. ಹೆಂಟೆಗೆ ಸಲಾಕೆಯಿಂದ ಹತ್ತು ಹನ್ನೆರಡು ತೂತು ಹಾಕಿ ದೊಡ್ಡ ಟಬ್ಬಿನ ನಳದ ನೀರಿನಲ್ಲಿ ಅರ್ಧ ಮುಳುಗಿಸಿ ಇಟ್ಟೆವು. ಬುಳುಬುಳು ಅಂತ ಗುಳ್ಳೆ. ಗುಳ್ಳೆ ನಿಲ್ಲಲು 40 ನಿಮಿಷ ಹಿಡಿಯಿತು. ಮೇಷ್ಟ್ರು ಏನೂ ಮಾತಾಡದೆ ಅದನ್ನೇ ನೋಡುತ್ತ ಕೂತಿದ್ದರು.

ರಾತ್ರಿ ಮತ್ತು ಮರುದಿನ ಹಗಲು ಗಿಡ ಪೋರ್ಚಿನ ನೆರಳಲ್ಲಿ, ಒದ್ದೆ ಗೋಣಿ ಸುತ್ತಿಕೊಂಡು. ಗುಂಡಿ ತೆರೆದೇ ಇತ್ತು, ಕೊಳೆತದ್ದನ್ನೆಲ್ಲ ಎತ್ತಿ ಹೊರಹಾಕಿದೆವು.

ಮೇ 12ರ ಸಂಜೆ ಮತ್ತೆ ನೆಟ್ಟೆವು. ಈ ಸಲ ಆಳ ಕಡಿಮೆ, ಅಗಲ ಜಾಸ್ತಿ. ನಾಲ್ಕಡಿ ಅಗಲಕ್ಕೆ ಬಿಡಿಸಿ, ತಳಕ್ಕೆ ಒಣ ಮಣ್ಣು ತುಂಬಿ ತುಳಿದು ಗಟ್ಟಿ ಮಾಡಿದೆವು, ಮತ್ತೆ ಕುಸಿಯಬಾರದು. ಹೆಂಟೆಯ ಮೇಲ್ಮೈ ನೆಲಕ್ಕಿಂತ ಮೂರು ಇಂಚು ಎತ್ತರಕ್ಕೆ ನಿಲ್ಲಿಸಿ, ಸುತ್ತ ಇಳಿಜಾರು ದಿಬ್ಬ. ಎರೆ ನೆಲದಲ್ಲಿ ಗಿಡ ದಿಬ್ಬದ ಮೇಲಿರಬೇಕು, ತಗ್ಗಿನಲ್ಲಲ್ಲ. ತುಂಬಲು ಅಲ್ಲಿಂದ ಬಂದ ಮಣ್ಣನ್ನೇ ಉಂಡೆಗಳನ್ನೊಡೆದು ಬಳಸಿದೆ. ಒಂದು ಬುಟ್ಟಿ ಉಸುಕು ಬೆರೆಸಲೇ ಅಂತ ಹುಡುಗರು ಕೇಳಿದರು, ಬೇಡ ಅಂದೆ. ಎರೆಗೆ ಸ್ವಲ್ಪ ಉಸುಕು ಸೇರಿಸಿದರೆ ಸಡಿಲವಾಗುವುದಿಲ್ಲ, ಗಾರೆಯಂತೆ ಕೂರುತ್ತದೆ. ಗೊಬ್ಬರ ಗುಂಡಿಯೊಳಗೆ ಇಲ್ಲವೇ ಇಲ್ಲ. ಸುತ್ತಲಿನ ಆರು ಪರಸಿ ಎಬ್ಬಿಸಿ ತೆಗೆಸಿದೆ. ಇದಕ್ಕೆ ಮೇಷ್ಟ್ರ ಹೆಂಡತಿ ಒಪ್ಪಲು ಗಿಡ ಎತ್ತಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಭತ್ತದ ಹುಲ್ಲಿಗೆ ನಮ್ಮಲ್ಲಿ ಬರವಿಲ್ಲ, ಸಿಂಧನೂರು ಮಾನ್ವಿ ಕಡೆಯಿಂದ ಹೊರೆಗಟ್ಟಲೆ ಬರುತ್ತದೆ. ನಾಲ್ಕು ಇಂಚು ದಪ್ಪ ಹೊದಿಸಿದೆವು, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು. ರೈಸ್‌ಮಿಲ್ಲಿನ ಹೊಟ್ಟು ಪುಕ್ಕಟೆ ಸಿಗುತ್ತದೆ, ಆದರೆ ಮೇ ತಿಂಗಳ ಸುಳಿಗಾಳಿಗೆ ಅದು ಪಕ್ಕದ ಮನೆಯ ಪಡಸಾಲೆ ಸೇರುತ್ತದೆ. ಹೊದಿಕೆಯ ಕೆಲಸ ತಂಪೊಂದೇ ಅಲ್ಲ. ಎರೆ ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ, ಬಿರುಕು ಎಳೆಬೇರನ್ನು ಹರಿದುಹಾಕುತ್ತದೆ. ಒಣಹುಲ್ಲಿಗೆ ಗೆದ್ದಲು ಬರುತ್ತದೆಂದು ಕೆಳಗೆ ಎರಡು ಹಿಡಿ ಬೇವಿನ ಹಿಂಡಿ.

ಕಾಂಡಕ್ಕೆ ತೆಳು ಸುಣ್ಣ. ನೆರಳಿಗೆ ನಾಲ್ಕು ಬಿದಿರು, ಅವ್ವನದೇ ಎರಡು ಹಳೆ ನೂಲಿನ ಸೀರೆ. ತೆಂಕಣ–ಪಡುವಣಕ್ಕೆ ಮರೆ ಕಟ್ಟಿ ಅನ್ನುವುದು ವಾಡಿಕೆಯ ಸಲಹೆ. ಮೇ ಮೊದಲ ವಾರ ದಾಟಿದ ಮೇಲೆ ನಮ್ಮಲ್ಲಿ ಸೂರ್ಯ ನೆತ್ತಿಯಿಂದ ಬಡಗಣಕ್ಕೆ ವಾಲುತ್ತಾನೆ, ತೆಂಕಣದ ಮರೆ ವ್ಯರ್ಥ. ಒಂದು ಸೀರೆ ಮೇಲೆ, ಒಂದು ಪಡುವಣಕ್ಕೆ. ಮೂಡಣ ತೆರೆದೇ ಇತ್ತು, ಬೆಳಗಿನ ಬಿಸಿಲು ಬೇಕು.

ಐದು ಲೀಟರಿನ ಕ್ಯಾನು

ಎಲ್ಲಕ್ಕಿಂತ ಕಷ್ಟದ ಕೆಲಸ ಅವ್ವನ ಕೈಯಿಂದ ಪೈಪ್ ಬಿಡಿಸುವುದು. ಬರೀ "ಹಾಕಬ್ಯಾಡ್ರಿ" ಅಂದರೆ ಕೇಳುವವರಲ್ಲ, ನಾನು ಹೋದಮೇಲೆ ಹಾಕುತ್ತಾರೆ. ಬೇರೆ ಕೆಲಸ ಕೊಡಬೇಕಿತ್ತು.

ಲೆಕ್ಕ ಇಷ್ಟು. 26 ಲೀಟರ್ ಮಣ್ಣಿನಲ್ಲಿ ಬೇರು ಹೀರಬಲ್ಲ ನೀರು ಹಿಡಿಯುವುದು ಸುಮಾರು ನಾಲ್ಕು ಲೀಟರ್. ಅದಕ್ಕಿಂತ ಹೆಚ್ಚು ಸುರಿದರೆ ಹೊರಗೆ ಹರಿಯುತ್ತದೆ, ಕಡಿಮೆಯಾದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಐದು ಲೀಟರಿನ ಅಡುಗೆಎಣ್ಣೆ ಕ್ಯಾನಿನ ತಳಕ್ಕೆ ಸೂಜಿಯಿಂದ ಎರಡು ತೂತು ಹಾಕಿ ಹೆಂಟೆಯ ಮೇಲೆಯೇ ಇಟ್ಟೆ. ಬೆಳಗ್ಗೆ ಆರಕ್ಕೆ ಡ್ರಮ್ಮಿನ ನೀರು ನಾಲ್ಕು ಲೀಟರ್ ತುಂಬಿದರೆ ಏಳೂಕಾಲಿಗೆ ಖಾಲಿ. ಹನಿಹನಿಯಾಗಿ ಬಿದ್ದದ್ದು ಜಾರಿ ಹೋಗದೆ ಹೆಂಟೆಯೊಳಗೇ ಇಳಿಯುತ್ತದೆ. ಆರು ದಿನಕ್ಕೊಮ್ಮೆ ಮಾತ್ರ ಹೊರಗಿನ ಮೂರಡಿ ಪಾತಿಗೆ ಎರಡು ಕೊಡ. ಬೇರಿಗೆ ಹೊರಗೆ ಬರುವ ಆಸೆ ಹುಟ್ಟಬೇಕಲ್ಲ.

"ಇಷ್ಟ ನೀರಾ? ಇದು ನನಗ ಒಂದು ಹೊತ್ತಿಗೆ ಸಾಲಂಗಿಲ್ಲ" ಅಂದರು ಅವ್ವ. ಆದರೆ ಕ್ಯಾನು ಎಷ್ಟಕ್ಕೆ ಖಾಲಿಯಾಗುತ್ತದೆ ಅಂತ ಗಡಿಯಾರ ನೋಡುವುದು ಅವರಿಗೆ ಹಿಡಿಸಿತು.

ವಾರದೊಳಗೆ ಉಳಿದ ಎಲೆಯೆಲ್ಲ ಬಿದ್ದವು. ನಾನು ನಿರೀಕ್ಷಿಸಿದ್ದೆ, ಅವರಲ್ಲ. ಮೇಷ್ಟ್ರು ಬೇರೆ ಗಿಡಕ್ಕೆ ಹಣ ಹೊಂದಿಸುವ ಮಾತಾಡಿದರು. ಯೂರಿಯಾ ಕೊಟ್ಟರೆ ಚಿಗುರುತ್ತದೆ ಅಂತ ಓಣಿಯಿಂದ ಒಂದು ಸಲಹೆ ಬಂತು. ಹೀರಲು ಬೇರಿಲ್ಲದ ಗಿಡಕ್ಕೆ ಯೂರಿಯಾ ಅಂದರೆ ಜ್ವರ ಬಂದವನಿಗೆ ಹೋಳಿಗೆ ಊಟ. ನಾನು ನಾಲ್ಕು ದಿನಕ್ಕೊಮ್ಮೆ ಹೋಗಿ ಉಗುರಿನಿಂದ ಕೆರೆದು ಕೆಂಪು ದಾರ ಇಳಿಸುತ್ತಿದ್ದೆ. ಮೇ 16ಕ್ಕೆ ಐದೂಮುಕ್ಕಾಲು ಅಡಿ. 20ಕ್ಕೆ ಐದು. 24ಕ್ಕೆ ನಾಲ್ಕೂವರೆ. 28ಕ್ಕೆ ಹೋದಾಗಲೂ ನಾಲ್ಕೂವರೆ. ದಾರ ಇಳಿಯಲಿಲ್ಲ.

ಚಿಗುರಿಲ್ಲ, ಎಲೆಯಿಲ್ಲ, ನೋಡಲು ಊರಿದ ಕೋಲು. ಆದರೆ ನನಗೆ ಅವತ್ತೇ ಧೈರ್ಯ ಬಂತು. ಹಿಂದಿನ ರಾತ್ರಿಯ ಗಾಳಿಮಳೆಗೆ ಸೀರೆ ಹಾರಿ ಲೈಟ್‌ಕಂಬಕ್ಕೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸಿ ಮತ್ತೆ ಕಟ್ಟುತ್ತ ಅವ್ವನಿಗೆ ಹೇಳಿದೆ, "ಇನ್ನು ಇದು ಸಾಯಂಗಿಲ್ಲ." ಈ ಸಲ ಮಾತು ಸರಿಯಾಗಿ ಬಂತು.

ಜೂನ್ 3ಕ್ಕೆ ಎದೆಮಟ್ಟದಲ್ಲಿ ತೊಗಟೆ ಸೀಳಿ ಸಾಸಿವೆಯಷ್ಟು ಗಾತ್ರದ ಕೆಂಪು ಮಿಶ್ರಿತ ಮೊಗ್ಗು. ಮಿರಗ, ಅಂದರೆ ಮೃಗಶಿರಾ ಮಳೆ, ಹೂಡಿದ್ದು 8ಕ್ಕೆ, ಮೊದಲ ದೊಡ್ಡ ಮಳೆ ಎರಡು ದಿನ ಬಿಟ್ಟು. ಮಳೆ ನಿಂತ ಮರುದಿನ ಸಲಾಕೆ ಊರಿ ಮೂಸಿದೆ. ಮಣ್ಣಿನ ವಾಸನೆ, ನಾತವಿಲ್ಲ. ಸೀರೆ ಒಂದೇ ಸಲ ತೆಗೆಯಲಿಲ್ಲ, ಮೊದಲು ಪಡುವಣದ್ದು, ಹತ್ತು ದಿನ ಬಿಟ್ಟು ಮೇಲಿನದು.

ಮೇಷ್ಟ್ರು ಆಗ ಕೇಳಿದರು: "ಹಂಗಾದ್ರ ಬ್ಯಾಸಿಗ್ಯಾಗ ಗಿಡ ಹಚ್ಚಲೇಬಾರದೇನ್ರಿ?" ಮಿರಗದ ಮಳೆ ಬಿದ್ದ ಮೇಲೆ ಹಚ್ಚಿದರೆ ಈ ಉಸಾಬರಿ ಮುಕ್ಕಾಲು ಇರುವುದಿಲ್ಲ. ಹಚ್ಚಲೇಬೇಕಾದ ಸಂದರ್ಭ ಬಂದರೆ ನಾನಂತೂ ಮೂರಡಿ ಮೀರಿದ ಗಿಡ ತರುವುದಿಲ್ಲ. ಸಣ್ಣ ಗಿಡಕ್ಕೆ ಸಾಕಬೇಕಾದ ಮೈ ಕಡಿಮೆ, ಎರಡು ವರ್ಷದಲ್ಲಿ ದೊಡ್ಡದರ ಸಮಕ್ಕೆ ಬರುತ್ತದೆ. ತಂದ ಮೇಲೆ ಹತ್ತು ದಿನ ಮನೆಯ ಮೂಡಣ ಮಗ್ಗುಲಲ್ಲಿ ಚೀಲದಲ್ಲೇ ಇಟ್ಟು ನಮ್ಮ ಗಾಳಿಗೆ ಪಳಗಿಸುತ್ತೇನೆ. ನೆಡುವ ಹಿಂದಿನ ರಾತ್ರಿ ಹೆಂಟೆ ನೆನೆಸುತ್ತೇನೆ, ಹೊತ್ತು ಮುಳುಗಿದ ಮೇಲೆ ನೆಡುತ್ತೇನೆ. ಪೂಜೆಗೆ ಬೇಕಾದರೆ ಬೆಳಗ್ಗೆ ಕುಂಕುಮ ಹಚ್ಚಿ ನೆರಳಲ್ಲಿಡಲಿ, ದೇವರು ಬೇಡ ಅನ್ನುವುದಿಲ್ಲ.

ಆಮೇಲೆ

ಏಳು ಚಿಗುರು ಬಂದವು. ಜುಲೈನಲ್ಲಿ ಗಟ್ಟಿಯಾದ ಒಂದನ್ನು ಮುಂದಾಳು ಮಾಡಿ, ಅದರ ಮೇಲಿನ ಒಣ ಕಾಂಡವನ್ನು ಓರೆಯಾಗಿ ಕತ್ತರಿಸಿ, ಉಳಿದವುಗಳಲ್ಲಿ ಮೂರನ್ನು ತೆಗೆದೆ. ಎಲ್ಲ ತೆಗೆಯಲಿಲ್ಲ, ಊಟ ಬೇಯಿಸಲು ಎಲೆ ಬೇಕು. ಆಗಸ್ಟ್‌ನಲ್ಲಿ ತಿಳಿಹಳದಿ ಚಿಟ್ಟೆಗಳು ಬಂದು ಮೊಟ್ಟೆಯಿಟ್ಟು, ಹಸಿರು ಹುಳು ಎಳೆಎಲೆಯನ್ನು ಒಂದು ವಾರದಲ್ಲಿ ಅರ್ಧ ತಿಂದವು. ಆ ಚಿಟ್ಟೆಗೆ ಕಕ್ಕೆಯೇ ತವರು. ಔಷಧಿ ಹೊಡೆಯುವುದು ಬೇಡ ಅಂದೆ. ಅವ್ವ ದಿನಾ ಒಂದಿಷ್ಟು ಆರಿಸಿ ಬೇಲಿಯಾಚೆ ಬಿಡುತ್ತಿದ್ದರು. ಗಿಡ ಮತ್ತೆ ಚಿಗುರಿತು.

ತಪ್ಪು ನನ್ನಿಂದಲೂ ಆಯಿತು. ಆ ಕೆಂಪು ದಾರ. ಕೊನೆಯ ಸಲ ನಾಲ್ಕೂವರೆ ಅಡಿಗೆ ಕಟ್ಟಿದ್ದು ಒಣಭಾಗ ಕತ್ತರಿಸಿದಾಗ ಹೋಯಿತೆಂದುಕೊಂಡಿದ್ದೆ. ಅದು ಕತ್ತರಿಸಿದ ಜಾಗದ ಕೆಳಗೆ ಜಾರಿ ಕೂತಿತ್ತು. ಡಿಸೆಂಬರ್‌ನಲ್ಲಿ ನೋಡುವಾಗ ಕಾಂಡ ದಪ್ಪಗಾಗಿ ದಾರ ತೊಗಟೆಯೊಳಗೆ ಕಚ್ಚಿಕೊಂಡಿದೆ. ಬ್ಲೇಡಿನಿಂದ ಬಿಡಿಸಿದೆ. ಉಂಗುರದಂಥ ಕಲೆ ಈಗಲೂ ಇದೆ. ಇನ್ನೆರಡು ತಿಂಗಳು ಬಿಟ್ಟಿದ್ದರೆ ಬಿಸಿಲು ಮಾಡದ ಕೆಲಸವನ್ನು ನನ್ನ ದಾರ ಮಾಡುತ್ತಿತ್ತು. ಊರುಗೋಲಿಗೆ ಕಟ್ಟಿದ ಪ್ಲಾಸ್ಟಿಕ್ ಹಗ್ಗವನ್ನೂ ಅವತ್ತೇ ಬಿಚ್ಚಿ, ಹಳೆ ಪಂಚೆಯ ಪಟ್ಟಿಯಿಂದ ಎಂಟರ ಆಕಾರಕ್ಕೆ ಸಡಿಲವಾಗಿ ಕಟ್ಟಿದೆ.

ಚಳಿಗಾಲದಲ್ಲಿ ಪಾತಿಯನ್ನು ಐದಡಿಗೆ ಹಿಗ್ಗಿಸಿ, ಹತ್ತು ದಿನಕ್ಕೊಮ್ಮೆ ನೀರು. ಕ್ಯಾನು ಮೂಲೆ ಸೇರಿತು.

ಮರುವರ್ಷ ಮಾರ್ಚ್ ಕೊನೆಯಲ್ಲಿ ಅವ್ವನದೇ ಫೋನು. "ತಮ್ಮಾ, ಎಲಿ ಎಲ್ಲಾ ಹಳದಿ ಆಗಿ ಉದುರಾಕತ್ಯಾವ."

"ಪೈಪ್ ಹಿಡದೀರೇನು?"

"ಇಲ್ಲ."

"ಉಗುರಿಂದ ಕೆರದು ನೋಡ್ರಿ."

"ನಿನ್ನೇನ ನೋಡೀನಿ. ಹಸರ ಅದ. ನಿನಗ ಹೇಳಿದ್ರಾತು ಅಂತ ಮಾಡಿದೆ."